ಆ್ಯಪ್ ಕೇಳದ ತಲೆಸುತ್ತು

ನಿಮ್ಮ ಫೋನಿನಲ್ಲಿ ಆರೋಗ್ಯದ ಹೆಸರಿನ ಆ್ಯಪ್ ಒಂದಾದರೂ ಇದ್ದಿರಬೇಕು. 2020 ನೆನಪಿದೆಯಲ್ಲ? ಏಪ್ರಿಲ್‌ನಲ್ಲಿ ಆರೋಗ್ಯ ಸೇತು ಬಂತು. ಅದಕ್ಕೂ ಮುಂಚೆ, ಮಾರ್ಚ್ ಕೊನೆಯಲ್ಲೇ, ನಮ್ಮ ರಾಜ್ಯ ಸರ್ಕಾರ ಕ್ವಾರಂಟೈನ್ ವಾಚ್ ಅಂತ ಒಂದನ್ನು ತಂದು, ಮನೆಯಲ್ಲೇ ಇರಬೇಕಾದವರು ಗಂಟೆಗೊಂದು ಸೆಲ್ಫಿ ಕಳಿಸಿ ಅಂದಿತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಮಾತ್ರ ವಿನಾಯಿತಿ. ನಮ್ಮ ಕಡೆ ಸೆಲ್ಫಿ ತೆಗೆಯುವುದು ಕಷ್ಟವಲ್ಲ, ಅದನ್ನು ಕಳಿಸುವುದು ಕಷ್ಟ. ಆ ಕೊರೊನಾ ಕಾಲದಲ್ಲೇ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ನೆಟ್‌ವರ್ಕ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಮಕ್ಕಳಿಗೆ ಪಾಠ ಮಾಡಿದರು. ಪೇಪರಿನವರೆಲ್ಲ ಹೋಗಿ ಫೋಟೋ ಹಾಕಿದರು. ಕೊಡಗಿನವರಿಗೆ ಅದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ.

ಅದೇ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸದ ಪಟ್ಟಿಗಳು ಹೊರಬಿದ್ದು ವಾಟ್ಸಾಪಿನಲ್ಲಿ ಊರೂರು ಸುತ್ತಿದವು. ಆರೋಗ್ಯದ ಲೆಕ್ಕ ಬರೆದುಕೊಳ್ಳಲು ಯಾರಾದರೂ ಫೋನು ಹಿಡಿದು ಅಂಗಳಕ್ಕೆ ಬಂದರೆ ನಮ್ಮ ಜನ ಇವತ್ತಿಗೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದಕ್ಕೆ ಆ ನೆನಪೂ ಒಂದು ಕಾರಣ ಅಂತ ನಮಗನಿಸುತ್ತದೆ.

ಈಗ ಹೇಳಹೊರಟಿರುವುದು ಬೇರೆ ಬಗೆಯ ಆ್ಯಪ್ ಬಗ್ಗೆ. ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ಔಷಧಿಯನ್ನೋ ಚಿಕಿತ್ಸೆಯ ಕ್ರಮವನ್ನೋ ಜನರ ಮೇಲೆ ಪರೀಕ್ಷಿಸಿ ನೋಡುವ ಪ್ರಯೋಗಕ್ಕೆ ಸೇರಿದವರಿಂದ ದಿನದ ದಿನದ ಲೆಕ್ಕ ಕೇಳುವ ಆ್ಯಪ್. ಪ್ರಯೋಗ ಅಂದ ತಕ್ಷಣ ಇಲಿ ಹೆಗ್ಗಣ ನೆನಪಾಗುವುದು ಬೇಡ. ಕಾಫಿ ಬೋರ್ಡಿನವರು ಹೊಸ ತಳಿಯನ್ನು ಹಳೆಯದರ ಪಕ್ಕ ನೆಟ್ಟು, ಎರಡಕ್ಕೂ ಒಂದೇ ಗೊಬ್ಬರ ಒಂದೇ ನೆರಳು ಕೊಟ್ಟು ಹೋಲಿಸಿ ನೋಡುತ್ತಾರಲ್ಲ, ಹಾಗೆಯೇ. ಒಂದು ಗುಂಪಿಗೆ ಹೊಸ ಕ್ರಮ, ಇನ್ನೊಂದಕ್ಕೆ ಈಗ ಚಾಲ್ತಿಯಲ್ಲಿರುವ ಕ್ರಮ. ಯಾರು ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ನಾವು ನುಂಗುವ ಬಹುತೇಕ ಮಾತ್ರೆಗಳು ಹೀಗೆ ಯಾರದೋ ಮೈಮೇಲೆ ಲೆಕ್ಕವಾಗಿಯೇ ನಮ್ಮ ಕೈಗೆ ಬಂದಿವೆ. ಆ ಲೆಕ್ಕ ಸರಿ ಇದ್ದರೆ ಮಾತ್ರೆಯ ಪ್ರಮಾಣವೂ ಸರಿ.

ನಮ್ಮ ಚಿಕ್ಕಮ್ಮ ಅಂಥ ಒಂದು ಪ್ರಯೋಗಕ್ಕೆ ಸೇರಿದ್ದರು. ನಾಪೋಕ್ಲು ಕಡೆ ಅವರ ಮನೆ. ಎರಡು ಎಕರೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಒಂದು ಹಸು. ಮನೆಮಾತು ಅರೆಭಾಷೆ, ಓದಿದ್ದು ಏಳನೇ ಕ್ಲಾಸು. ಐವತ್ತು ದಾಟಿದ ಮೇಲೆ ಬಿ.ಪಿ. ಕಾಣಿಸಿಕೊಂಡಿತು. ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಗೆ ತೋರಿಸಲು ಹೋದಾಗ ಅಲ್ಲಿಯವರು ಕೇಳಿದರು: ಬಿ.ಪಿ. ಮಾತ್ರೆಗಳ ಒಂದು ಪ್ರಯೋಗ ನಡೀತಿದೆ, ಸೇರ್ತೀರಾ? ಮಾತ್ರೆ ಹೊಸದಲ್ಲ, ಅಂಗಡಿಯಲ್ಲಿ ಸಿಗುವುದೇ. ಯಾವ ಪ್ರಮಾಣದಲ್ಲಿ ಕೊಟ್ಟರೆ ಹೆಚ್ಚು ಗುಣ ಅಂತ ನೋಡುವುದು. ಮಾತ್ರೆ ಪುಕ್ಕಟೆ, ರಕ್ತಪರೀಕ್ಷೆ ಪುಕ್ಕಟೆ, ಬಸ್ ಚಾರ್ಜ್ ಕೊಡುತ್ತಾರೆ. ಚಿಕ್ಕಮ್ಮ ಸಹಿ ಹಾಕಿದರು. ಬಲವಂತ ಏನೂ ಇರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಅಲ್ಲಿನ ಹುಡುಗನೊಬ್ಬ ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟು, ದಿನಾ ಸಂಜೆ ಏಳಕ್ಕೆ ಟಣ್ ಅನ್ನುತ್ತೆ, ಐದು ಪ್ರಶ್ನೆ ಬರುತ್ತೆ, ಹೌದು ಅಥವಾ ಇಲ್ಲ ಒತ್ತಿದರೆ ಆಯ್ತು ಅಂದ.

ಪ್ರಶ್ನೆಗಳು ಕನ್ನಡದಲ್ಲೇ ಇದ್ದವು. ಇವತ್ತು ಮಾತ್ರೆ ತಗೊಂಡಿರಾ, ಕಾಲು ಊದಿದೆಯಾ, ತಲೆನೋವಿದೆಯಾ, ಒಣಕೆಮ್ಮು ಇದೆಯಾ. ಐದನೆಯದು, ‘ಇತರ ಯಾವುದೇ ಅಡ್ಡಪರಿಣಾಮಗಳನ್ನು ಅನುಭವಿಸಿದ್ದೀರಾ?’ ಅಡ್ಡಪರಿಣಾಮ ಅಂದರೆ ಅಡ್ಡ ಬೀಳೋದಾ ಅಂತ ಚಿಕ್ಕಮ್ಮ ನಮ್ಮನ್ನು ಕೇಳಿದ್ದರು. ನಕ್ಕೆವು, ವಿವರಿಸಿದೆವು. ಅದಕ್ಕೆ ‘ಹೌದು’ ಒತ್ತಿದರೆ ಖಾಲಿ ಪೆಟ್ಟಿಗೆ ತೆರೆದು ಇಂಗ್ಲಿಷ್ ಕೀಬೋರ್ಡ್ ಬರುತ್ತಿತ್ತು. ‘ಇಲ್ಲ’ ಒತ್ತಿದರೆ ಧನ್ಯವಾದ ಅಂತ ಹಸಿರು ಟಿಕ್ಕು. ಸಂಜೆ ಏಳು ಅಂದರೆ ಹಸು ಕಟ್ಟಿ, ಹಾಲು ಕರೆದು, ಒಲೆ ಮುಂದೆ ನಿಂತಿರುವ ಹೊತ್ತು. ಯಾವುದು ಒತ್ತುತ್ತಾರೆ ಅಂತ ನೀವೇ ಹೇಳಿ.

ಎರಡನೇ ತಿಂಗಳಲ್ಲಿ ಅವರಿಗೆ ತಲೆಸುತ್ತು ಶುರುವಾಯಿತು. ಕೂತು ಎದ್ದರೆ ಕಣ್ಣು ಕತ್ತಲೆ. ಪಕ್ಕದ ಮನೆಯಾಕೆಗೆ ಹೇಳಿದರು, ಅಕ್ಕಂದಿರಿಗೆ ಫೋನಿನಲ್ಲಿ ಹೇಳಿದರು, ಹಸುವಿಗೂ ಹೇಳಿರಬಹುದು. ಆ್ಯಪ್‌ಗೆ ಹೇಳಲಿಲ್ಲ. ಯಾಕೆ ಅಂದರೆ ಆ್ಯಪ್ ತಲೆಸುತ್ತು ಕೇಳಿರಲಿಲ್ಲ, ತಲೆನೋವು ಕೇಳಿತ್ತು. ತಲೆನೋವು ಇರಲಿಲ್ಲ. ಒಂದು ಬೆಳಿಗ್ಗೆ ಕೊಟ್ಟಿಗೆ ಮೆಟ್ಟಿಲಲ್ಲಿ ಬಿದ್ದು ಮೊಣಕೈ ಕೆತ್ತಿಕೊಂಡ ಮೇಲೆ ವಿಷಯ ನಮ್ಮ ಕಿವಿಗೆ ಬಿತ್ತು.

ಆಸ್ಪತ್ರೆಯವರು ಕೊಟ್ಟಿದ್ದ ಒಪ್ಪಿಗೆ ಪತ್ರದ ಪ್ರತಿ ಚಿಕ್ಕಮ್ಮನ ರೇಷನ್ ಕಾರ್ಡಿನ ಕವರಿನಲ್ಲಿ ಮಡಚಿ ಇತ್ತು. ಅದರ ಕೊನೇ ಪುಟದಲ್ಲಿದ್ದ ನಂಬರಿಗೆ ಫೋನು ಮಾಡಿದೆವು. ಆಚೆಯಿಂದ ಮಾತಾಡಿದ ಹೆಣ್ಣುಮಗಳು ಮರ್ಯಾದೆಯಿಂದ ಕೇಳಿಸಿಕೊಂಡರು. ಮಾರನೇ ದಿನವೇ ಕರೆಸಿ, ಕೂರಿಸಿ ಒಮ್ಮೆ ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿ, ಡಾಕ್ಟರು ಪ್ರಮಾಣ ಇಳಿಸಿದರು. ಬಿದ್ದದ್ದನ್ನು ಬರೆದುಕೊಂಡರು. ಅಷ್ಟು ಹೊತ್ತಿಗೆ ಅವರ ಕಂಪ್ಯೂಟರಿನಲ್ಲಿ ಚಿಕ್ಕಮ್ಮನ ಹೆಸರಿನ ಮುಂದೆ ಮೂವತ್ತಕ್ಕೂ ಹೆಚ್ಚು ದಿನದ ‘ಇಲ್ಲ’ ಸಾಲಾಗಿ ನಿಂತಿತ್ತು. ನಮ್ಮೆದುರೇ ಸ್ಕ್ರೀನು ತಿರುಗಿಸಿ ತೋರಿಸಿದರು. ‘ಮೇಡಂ ತುಂಬ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ ನೋಡಿ, ಒಂದು ದಿನಾನೂ ಮಿಸ್ ಇಲ್ಲ.’

ಆ ಸಾಲು ನಮ್ಮ ತಲೆಯಿಂದ ಹೋಗಲಿಲ್ಲ. ಚಿಕ್ಕಮ್ಮ ಸುಳ್ಳು ಹೇಳಿರಲಿಲ್ಲ. ಆ್ಯಪ್ ಮಾಡಿದವರೂ ಮೋಸ ಮಾಡಿರಲಿಲ್ಲ. ಆದರೂ ಅಲ್ಲಿ ಕೂತಿದ್ದ ಲೆಕ್ಕ ತಪ್ಪು. ‘ನನಗೆ ತೊಂದರೆ ಇಲ್ಲ’ ಅನ್ನುವುದು ಒಂದು, ‘ನೀವು ಕೇಳಿದ್ದು ನನಗೆ ಇಲ್ಲ’ ಅನ್ನುವುದು ಇನ್ನೊಂದು, ‘ಇಂಗ್ಲಿಷಿನಲ್ಲಿ ಬರೆಯಲು ಬರಲ್ಲ ಬಿಡಿ’ ಅನ್ನುವುದು ಮತ್ತೊಂದು. ಮೂರಕ್ಕೂ ಫೋನಿನಲ್ಲಿ ಇರುವುದು ಒಂದೇ ಗುಂಡಿ. ಇಂಥ ನೂರು ಚಿಕ್ಕಮ್ಮಂದಿರು ಅದೇ ಗುಂಡಿ ಒತ್ತಿದರೆ, ಈ ಪ್ರಮಾಣದಲ್ಲಿ ತಲೆಸುತ್ತು ಬರುವುದಿಲ್ಲ ಅಂತ ಒಂದು ವರದಿಯಾಗುತ್ತದೆ. ನಾಲ್ಕು ವರ್ಷದ ಮೇಲೆ ಅದೇ ಪ್ರಮಾಣದ ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಇನ್ನೊಬ್ಬರ ಚಿಕ್ಕಮ್ಮನ ಕೈಗೆ ಬರುತ್ತದೆ.

ಹಾಗಂತ ಆ್ಯಪ್ ಬೇಡ, ಹಳೆಯ ಪುಸ್ತಕವೇ ಸಾಕು ಅನ್ನುವ ಪೈಕಿ ನಾವಲ್ಲ. ಕಾಗದದ ಕಾಲದ ಕತೆ ಇನ್ನೂ ಚೆನ್ನಾಗಿದೆ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ತೀರದ ನೋವಿನಿಂದ ನರಳುವ 80 ಜನ. ಅರ್ಧ ಮಂದಿಗೆ ಕಾಗದದ ಡೈರಿ, ಅರ್ಧ ಮಂದಿಗೆ ಕೈಯಲ್ಲಿ ಹಿಡಿಯುವ ಯಂತ್ರ. ದಿನಕ್ಕೆ ಮೂರು ಸಲ, ಹೇಳಿದ ಹೊತ್ತಿಗೆ, ನೋವು ಎಷ್ಟಿದೆ ಅಂತ ಬರೆಯಬೇಕು. ಡೈರಿಯವರಿಗೆ ಗೊತ್ತಿಲ್ಲದ ಹಾಗೆ ಅದರೊಳಗೆ ಬೆಳಕು ಗುರುತಿಸುವ ಸಣ್ಣ ಸಾಧನ ಅಡಗಿಸಿದ್ದರು. ಡೈರಿ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಅಂತ ಅದು ಬರೆದಿಡುತ್ತಿತ್ತು. ಡೈರಿಯ ಹಾಳೆ ನೋಡಿದರೆ ನೂರಕ್ಕೆ 90 ಸಲ ಹೊತ್ತಿಗೆ ಸರಿಯಾಗಿ ತುಂಬಿದ ಹಾಗೆ ಕಾಣುತ್ತಿತ್ತು. ನಿಜವಾಗಿ ಹೊತ್ತಿಗೆ ಸರಿಯಾಗಿ ತುಂಬಿದ್ದು ನೂರಕ್ಕೆ 11. ಯಂತ್ರ ಹಿಡಿದವರದು 94.

ನಮಗೆ ಇದು ಮಳೆ ಲೆಕ್ಕದ ಪುಸ್ತಕದ ಹಾಗೆ. ಕೊಡಗಿನ ತೋಟದ ಮನೆಗಳಲ್ಲಿ ತಾತನ ಕಾಲದಿಂದ ಮಳೆ ಅಳೆದು ಬರೆಯುವ ಅಭ್ಯಾಸ ಇದೆ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಮಾಪಕ ನೋಡಿ ಇಂಚು, ಸೆಂಟು ಬರೆದವರ ಪುಸ್ತಕಕ್ಕೆ ಬೆಲೆ ಇದೆ. ಮದುವೆ ಮನೆಗೆ ಹೋಗಿ ಮೂರು ದಿನ ಬಿಟ್ಟು, ವಾಪಸ್ ಬಂದು ಅಂದಾಜಿನಲ್ಲಿ ಮೂರೂ ಸಾಲು ತುಂಬಿದರೆ ಪುಸ್ತಕ ತುಂಬಿದ ಹಾಗೆ ಕಾಣುತ್ತದೆ, ಅಷ್ಟೆ. ಆ್ಯಪ್ ಈ ಕಳ್ಳಾಟಕ್ಕೆ ಅವಕಾಶ ಕೊಡುವುದಿಲ್ಲ. ಯಾವ ಗಳಿಗೆಯಲ್ಲಿ ಒತ್ತಿದಿರಿ ಅಂತ ತಾನೇ ಬರೆದುಕೊಳ್ಳುತ್ತದೆ. ಹೊತ್ತಿನ ಮಟ್ಟಿಗೆ ಅದು ಪ್ರಾಮಾಣಿಕ. ಹೊತ್ತು ಸರಿ ಇದ್ದ ಮಾತ್ರಕ್ಕೆ ಉತ್ತರ ಸರಿ ಇರಬೇಕು ಅಂತಿಲ್ಲ ಅನ್ನುವುದನ್ನು ಚಿಕ್ಕಮ್ಮನ ಮೂವತ್ತು ‘ಇಲ್ಲ’ ತೋರಿಸಿಕೊಟ್ಟಿತು.

ಇದಾದ ಮೇಲೆ, ನಮ್ಮ ರಾಜ್ಯದ ಹಳ್ಳಿಗಳಲ್ಲಿ ಫೋನು ಇಟ್ಟುಕೊಂಡು ನಡೆದ ದೊಡ್ಡ ಪ್ರಯೋಗಗಳು ಏನು ಕಂಡುಕೊಂಡವು ಅಂತ ಹುಡುಕಿ ಓದಿದೆವು. ಎಲ್ಲಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೆಳಗಾವಿ, ಬಾಗಲಕೋಟೆಯದು. ಹೆಸರು ಕ್ಲಿಪ್. 2014ರಿಂದ 2016ರವರೆಗೆ ಆ ಎರಡು ಜಿಲ್ಲೆಯ 12 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಮೃತ್ಯುಂಜಯ ಬೆಲ್ಲದ ಮತ್ತವರ ಜೊತೆಗಾರರು, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿದ್ದು. ದುಡ್ಡು ಗೇಟ್ಸ್ ಫೌಂಡೇಶನ್‌ನದು. ಬಸುರಿಯರಿಗೆ ಬಿ.ಪಿ. ಏರಿ, ಫಿಟ್ಸ್ ಬಂದು, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ಬರುವುದನ್ನು ಮನೆ ಬಾಗಿಲಲ್ಲೇ ಹಿಡಿಯಬಹುದಾ ಅನ್ನುವುದು ಪ್ರಶ್ನೆ.

ಅರ್ಧ ಕೇಂದ್ರಗಳ ವ್ಯಾಪ್ತಿಯಲ್ಲಿ ಆಶಾ ಕಾರ್ಯಕರ್ತೆಯರು, ಎ.ಎನ್.ಎಂ.ಗಳ ಕೈಗೆ ‘ಪಿಯರ್ಸ್ ಆನ್ ದ ಮೂವ್’ ಅನ್ನುವ ಆ್ಯಪ್ ಕೊಟ್ಟರು. ಮನೆಗೆ ಹೋಗಿ ಬಿ.ಪಿ. ನೋಡಬೇಕು. ಎಷ್ಟನೇ ಬಸುರು, ಎಷ್ಟು ವಾರ, ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ, ಎದೆನೋವು ಉಬ್ಬಸ ಇದೆಯಾ, ಹೊಟ್ಟೆನೋವಿನ ಜೊತೆ ರಕ್ತ ಹೋಗುತ್ತಾ ಅಂತ ಕೇಳಿ ಒತ್ತಬೇಕು. ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅಂತ ಪಟ್ಟಿ ಅದ್ದಿ ನೋಡಬೇಕು. ಎಲ್ಲ ಸೇರಿಸಿ ಆ್ಯಪ್ ಲೆಕ್ಕ ಹಾಕಿ, ಇವರಿಗೆ ಈಗಲೇ ಬಿ.ಪಿ. ಮಾತ್ರೆ ಕೊಡಿ, ಇವರಿಗೆ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಬೇಕು, ಇವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ ಅಂತ ಹೇಳುತ್ತದೆ. ಇಲ್ಲಿ ಆ್ಯಪ್ ಬರೀ ಗುಮಾಸ್ತ ಅಲ್ಲ. ಲೆಕ್ಕ ಬರೆದುಕೊಂಡು, ತಕ್ಷಣ ಏನಾದರೂ ವಾಪಸ್ ಕೊಡುತ್ತದೆ. ಚಿಕ್ಕಮ್ಮನ ಆ್ಯಪ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು. ಇನ್ನೊಂದು ವ್ಯತ್ಯಾಸ, ಫೋನು ಹಿಡಿದು ಎದುರಿಗೆ ಕೂತವಳು ಅದೇ ಊರಿನ ಹೆಂಗಸು. ‘ತಲೆನೋವಾ ತಲೆಸುತ್ತಾ, ಸರಿಯಾಗಿ ಹೇಳು’ ಅನ್ನಬಲ್ಲವಳು.

ಬೆಳಗಾವಿ, ಬಾಗಲಕೋಟೆಯಲ್ಲಿ ಲೆಕ್ಕಕ್ಕೆ ಸಿಕ್ಕ ಬಸುರುಗಳು 14,783. ಪಾಕಿಸ್ತಾನ, ಮೊಜಾಂಬಿಕ್ ದೇಶಗಳಲ್ಲೂ ಇದೇ ಪ್ರಯೋಗ ನಡೆದು, ಮೂರೂ ಕಡೆ ಸೇರಿ 69,330 ಗರ್ಭಿಣಿಯರು. 2020ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ್ಯಪ್ ಇದ್ದ ಕಡೆಗೂ ಇಲ್ಲದ ಕಡೆಗೂ ತಾಯಿ ಮಗುವಿನ ಸಾವು ಮತ್ತು ದೊಡ್ಡ ತೊಂದರೆಗಳ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಇದನ್ನು ಓದಿದಾಗ ಮನಸ್ಸು ಕುಗ್ಗಿತು, ಮುಚ್ಚುಮರೆ ಯಾಕೆ. ಅಷ್ಟು ಮನೆ, ಅಷ್ಟು ಬಿಸಿಲು, ಅಷ್ಟು ಆಶಾ ಅಕ್ಕಂದಿರ ಚಪ್ಪಲಿ ಸವೆದದ್ದು. ಆದರೆ ಅದರೊಳಗೆ ಇನ್ನೊಂದು ಲೆಕ್ಕ ಇದೆ. ಎಂಟು ಅಥವಾ ಅದಕ್ಕೂ ಹೆಚ್ಚು ಸಲ ಈ ಭೇಟಿ ಸಿಕ್ಕವರಲ್ಲಿ, ಒಂದೂ ಭೇಟಿ ಸಿಗದವರಿಗಿಂತ, ಸತ್ತು ಹುಟ್ಟಿದ ಮಕ್ಕಳು ಕಡಿಮೆ. ಇದನ್ನು ಹಿಡಿದುಕೊಂಡು ಕುಣಿಯುವ ಹಾಗೂ ಇಲ್ಲ. ಬಸುರು ತಿಂಗಳು ತುಂಬುವವರೆಗೆ ನಿಂತವರಿಗೆ ತಾನೇ ಎಂಟು ಭೇಟಿ ಆಗುವುದು? ಮಧ್ಯದಲ್ಲೇ ಕೆಟ್ಟದ್ದಾದವರಿಗೆ ಎಂಟು ಭೇಟಿಯಷ್ಟು ದಿನವೇ ಸಿಕ್ಕಿರುವುದಿಲ್ಲ. ಆದರೂ ನಮಗೆ ಕಂಡದ್ದು ಇಷ್ಟು: ಫೋನು ಎಷ್ಟೇ ಬುದ್ಧಿವಂತ ಆಗಿದ್ದರೂ ಅದು ಮನೆಯ ಹೊಸ್ತಿಲವರೆಗೆ ನಡೆದು ಹೋಗುವುದು ಇನ್ನೊಬ್ಬರ ಕಾಲಲ್ಲಿ.

ಬಿ.ಪಿ., ಸಕ್ಕರೆ ಕಾಯಿಲೆಯವರ ಮೇಲೆ ನಡೆದದ್ದು ಎಂವೆಲ್‌ಕೇರ್ ಅನ್ನುವ ಪ್ರಯೋಗ. ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳು, 3,698 ರೋಗಿಗಳು, ಒಂದು ವರ್ಷ. ನರ್ಸ್ ಕೈಯಲ್ಲಿ ಟ್ಯಾಬ್ಲೆಟ್, ಅದರಲ್ಲಿ ರೋಗಿಯ ಲೆಕ್ಕ, ಡಾಕ್ಟರಿಗೆ ಸಲಹೆ, ರೋಗಿಗೆ ನೆನಪಿಸುವ ಎಸ್ಸೆಮ್ಮೆಸ್. ಫಲಿತಾಂಶ, ಟ್ಯಾಬ್ಲೆಟ್ ಇದ್ದ ಕಡೆಯೂ ಇಲ್ಲದ ಕಡೆಯೂ ಬಿ.ಪಿ. ಹೆಚ್ಚುಕಡಿಮೆ ಒಂದೇ ಸಮ ಇಳಿದಿತ್ತು. ಟ್ಯಾಬ್ಲೆಟ್ ಇಲ್ಲದ ಕಡೆಯೂ ನರ್ಸ್‌ಗಳಿಗೆ ತರಬೇತಿ ಕೊಟ್ಟಿದ್ದರು. ಅಲ್ಲಿಗೆ ಬಿ.ಪಿ. ಇಳಿಸಿದ್ದು ಯಾರು ಅಂತ ನೀವೇ ಊಹಿಸಿಕೊಳ್ಳಿ. ಇನ್ನೊಂದು, ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಅನಿತಾ ಶೆಟ್ ಮತ್ತಿತರರು ಎಚ್.ಐ.ವಿ. ಇರುವ 631 ಮಂದಿಯ ಮೇಲೆ ಮಾಡಿದ್ದು. ವಾರಕ್ಕೊಂದು ಸಲ ಫೋನು ತಾನೇ ಕರೆ ಮಾಡಿ, ಅವರ ಭಾಷೆಯಲ್ಲಿ ಮಾತ್ರೆ ತಗೊಂಡಿರಾ ಅಂತ ಕೇಳುವುದು, ಒಂದು ಚಿತ್ರ ಕಳಿಸುವುದು. 2014ರಲ್ಲಿ ಫಲಿತಾಂಶ ಬಂತು. ಕರೆ ಬಂದವರಿಗೂ ಬಾರದವರಿಗೂ ಚಿಕಿತ್ಸೆಯ ಫಲದಲ್ಲಿ ವ್ಯತ್ಯಾಸ ಇರಲಿಲ್ಲ.

ಮೂರೂ ಸಲ ‘ವ್ಯತ್ಯಾಸ ಇಲ್ಲ’. ಇದನ್ನು ಸೋಲು ಅಂತ ಬರೆಯುವ ಆಸೆ ನಮ್ಮ ವೃತ್ತಿಯವರಿಗೆ ಸಹಜ. ಹೆಡ್ಡಿಂಗ್ ಚೆನ್ನಾಗಿ ಬರುತ್ತದೆ. ನಮಗೆ ಮಾತ್ರ ಆ ಸಂಶೋಧಕರ ಮೇಲೆ ಗೌರವ ಬಂತು. ದುಡ್ಡು ಖರ್ಚಾಗಿದೆ, ಹೆಸರು ಹೋಗಬಾರದು ಅಂತ ಬಚ್ಚಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಚ್ಚು ಮಾಡಿದರು. ಫೋನು ಕೊಟ್ಟರೆ ಹಳ್ಳಿ ಆರೋಗ್ಯ ತಾನೇ ಸರಿಹೋಗುತ್ತದೆ ಅಂತ ಭಾಷಣ ಮಾಡುವವರ ಮುಂದೆ ಇಡಲು ಈಗ ನಮ್ಮ ಹತ್ತಿರ ನಮ್ಮದೇ ರಾಜ್ಯದ ಜನ ಕೊಟ್ಟ ಲೆಕ್ಕ ಇದೆ.

ಕೊಡಗಿಗೆ ಬಂದರೆ ತೊಡಕು ಇನ್ನೂ ಬೇರೆ. ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಲೈನು ಹರಿದರೆ ನಾಲ್ಕು ದಿನ, ಕೆಲವು ಸಲ ವಾರ, ಕರೆಂಟಿಲ್ಲ. ಟವರಿಗೂ ಡೀಸೆಲ್ ಮುಗಿಯುತ್ತದೆ. ಒಳ್ಳೆಯ ಆ್ಯಪ್ ಆದರೆ ಉತ್ತರವನ್ನು ಫೋನಿನಲ್ಲೇ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಫೋನೇ ಸತ್ತಿದ್ದರೆ? ಆ ದಿನಗಳೆಲ್ಲ ಖಾಲಿ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಇವರು ಸರಿಯಾಗಿ ಉತ್ತರ ಕೊಡದವರು. ಮಳೆಗಾಲದಲ್ಲೇ ಅಲ್ಲವೇ ಜ್ವರ, ಉಬ್ಬಸ, ಜಾರಿ ಬೀಳುವುದು ಎಲ್ಲ ಹೆಚ್ಚು? ಯಾವ ದಿನದ ಲೆಕ್ಕ ಹೆಚ್ಚು ಬೇಕೋ ಅದೇ ದಿನ ಪುಸ್ತಕ ಮುಚ್ಚಿರುತ್ತದೆ.

ಭಾಷೆಯ ಮಾತು ಕೇಳಲೇಬೇಡಿ. ಒಂದು ದೊಡ್ಡ ತೋಟದ ಲೈನ್ ಮನೆಗಳಿಗೆ ಹೋದರೆ ಒಂದು ಬಾಗಿಲಲ್ಲಿ ಎರವ ಭಾಷೆ, ಪಕ್ಕದಲ್ಲಿ ಮಲಯಾಳ, ಆಚೆ ತಮಿಳು, ಕೊನೆಯಲ್ಲಿ ಅಸ್ಸಾಮಿನಿಂದ ಬಂದ ಹುಡುಗರು. ಟ್ಯಾಬ್ಲೆಟ್ ಹಿಡಿದು ಸರ್ವೆಗೆ ಬಂದವರ ಜೊತೆ ಸಿದ್ದಾಪುರ ಕಡೆ ಒಮ್ಮೆ ಸುತ್ತಿದ್ದೆವು. ‘ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಆಯಾಸವೆನಿಸಿತು?’ ಅನ್ನುವ ಪ್ರಶ್ನೆಯನ್ನು ತೋಟದ ರೈಟರೇ ಎರವ ಹೆಂಗಸಿಗೆ ತರ್ಜುಮೆ ಮಾಡಿ ಹೇಳುತ್ತಿದ್ದ. ಹಾಜರಿ ಹಾಕುವವನು ಅವನೇ, ವಾರದ ಬಟವಾಡೆಗೆ ಹೆಸರು ಬರೆಯುವವನು ಅವನೇ. ಅವನೆದುರು ‘ಆಯಾಸ’ ಅಂತ ಹೇಳುವ ಧೈರ್ಯ ಯಾರಿಗಿದೆ? ಆಕೆ ತಲೆಯಾಡಿಸಿ ನಕ್ಕಳು. ಟ್ಯಾಬ್ಲೆಟ್ಟಿಗೆ ಸೊನ್ನೆ ಬಿತ್ತು.

ಅದು ಬರೀ ಸರ್ವೆ. ಔಷಧಿಯ ಪ್ರಯೋಗದಲ್ಲಿ ಹೀಗಾದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನು ದೇಶ ಒಮ್ಮೆ ನೋಡಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಹಾಸ್ಟೆಲಿನಲ್ಲಿದ್ದ ಆದಿವಾಸಿ ಮಕ್ಕಳ ಪರವಾಗಿ ಅಪ್ಪ ಅಮ್ಮನ ಬದಲು ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಬಯಲಾಯಿತು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾದ ವರದಿ ಕೊಟ್ಟಿತು. ಲಸಿಕೆ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಅಲ್ಲಿ ಕೆಟ್ಟದ್ದು ಒಪ್ಪಿಗೆ. ವಾರ್ಡನ್ ಆಗಲಿ ರೈಟರ್ ಆಗಲಿ, ಯಾರ ಕೈಯಲ್ಲಿ ನಮ್ಮ ಅನ್ನ ಇದೆಯೋ ಅವರ ಬಾಯಿಂದ ನಮ್ಮ ಒಪ್ಪಿಗೆ ಬರಬಾರದು.

ಆಮೇಲೆ ಕಾನೂನು ಬಿಗಿಯಾಯಿತು. ಈಗ ನಡೆಯುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ. ಪ್ರಯೋಗದ ವಿವರ ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದ ಹಾಳೆ ಕೊಡಬೇಕು. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಜೊತೆಗಿದ್ದು ಸಹಿ ಹಾಕಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮದು. ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೆ ನಿಮಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಪ್ರಯೋಗದಿಂದ ಅಪಾಯವಾದರೆ ಚಿಕಿತ್ಸೆ ಅವರ ಖರ್ಚಿನಲ್ಲಿ, ಪರಿಹಾರವೂ ಇದೆ. ಆಸ್ಪತ್ರೆಗೆ ದಾಖಲಾಗುವಂಥ ತೊಂದರೆಯಾದರೆ ಪ್ರಯೋಗ ನಡೆಸುವ ಡಾಕ್ಟರು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಮಾಡಬೇಕು. ಅವರಿಗೆ ಗೊತ್ತಾದರೆ ತಾನೇ?

ಅದಕ್ಕೇ ನಾವು ಹೇಳುವುದು, ಆ್ಯಪ್‌ಗೆ ಉತ್ತರ ಕೊಟ್ಟೆವು ಅಂದರೆ ಡಾಕ್ಟರಿಗೆ ಹೇಳಿದೆವು ಅಂತ ಅಂದುಕೊಳ್ಳಬೇಡಿ. ಆ್ಯಪ್ ಹಾಕುವ ಹುಡುಗನನ್ನು ಅಲ್ಲೇ ಕೂರಿಸಿಕೊಂಡು ಕೇಳಿ. ಇದರಲ್ಲಿ ಇಲ್ಲದ ತೊಂದರೆ ಬಂದರೆ ಎಲ್ಲಿ ಹೇಳಬೇಕು? ಬರೆಯುವ ಬದಲು ಮಾತಿನಲ್ಲಿ ಹೇಳಿ ಕಳಿಸುವ ಹಾಗಿದೆಯಾ? ಕರೆಂಟಿಲ್ಲದ ವಾರ ಏನು ಮಾಡಬೇಕು? ಯಾವ ನಂಬರಿಗೆ ಫೋನು ಮಾಡಿದರೆ ಮನುಷ್ಯರು ಎತ್ತುತ್ತಾರೆ? ಈ ಆ್ಯಪ್ ನನ್ನ ಫೋಟೋ, ಫೋನ್ ನಂಬರುಗಳ ಪಟ್ಟಿ, ನಾನಿರುವ ಜಾಗ ಏನೇನು ನೋಡುತ್ತೆ? ಕೇಳಿದರೆ ಬೇಸರ ಮಾಡಿಕೊಳ್ಳುವವರ ಪ್ರಯೋಗಕ್ಕೆ ಸೇರದಿದ್ದರೂ ನಷ್ಟವಿಲ್ಲ.

ತೊಂದರೆ ಹೇಳಿದರೆ ಹೊರಗೆ ಹಾಕುತ್ತಾರೆ, ಪುಕ್ಕಟೆ ಮಾತ್ರೆ ಹೋಗುತ್ತದೆ ಅನ್ನುವ ಹೆದರಿಕೆಯೂ ಇರುತ್ತದೆ. ಚಿಕ್ಕಮ್ಮನಿಗೂ ಇತ್ತು, ಆಮೇಲೆ ಬಾಯಿಬಿಟ್ಟರು. ತೊಂದರೆ ಬಂತಾ ಅನ್ನುವುದನ್ನು ತಿಳಿಯಲೇ ಪ್ರಯೋಗ ಮಾಡುವುದು. ಹೇಳುವವರೇ ಅವರಿಗೆ ಬೇಕಾದವರು.

ಆಶಾ ಅಕ್ಕಂದಿರಿಗೂ ಒಂದು ಮಾತು ಸಲ್ಲಬೇಕು. ಸರ್ಕಾರದ್ದಾಗಲಿ ಸಂಶೋಧಕರದ್ದಾಗಲಿ, ಪ್ರತಿ ಹೊಸ ಆ್ಯಪ್ ಕೊನೆಗೆ ಬಂದು ಕೂರುವುದು ಅವರ ಫೋನಿನ ಮೇಲೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಅವರು ಧರಣಿ ಕೂತಾಗ, ಸಂಬಳದ ಜೊತೆಗೇ ಇದ್ದ ದೂರು ಆರ್.ಸಿ.ಎಚ್. ಪೋರ್ಟಲ್‌ದು. ಮಾಡಿದ ಕೆಲಸ ಕಂಪ್ಯೂಟರಿಗೆ ಏರದಿದ್ದರೆ ಅದರ ದುಡ್ಡು ಕೈಗೆ ಬರುವುದಿಲ್ಲ. ನಡೆದು ಹೋದ ಗುಡ್ಡ ಪೋರ್ಟಲಿನಲ್ಲಿ ಕಾಣುವುದಿಲ್ಲ. ಫೋನು ಹಿಡಿದ ಕೈಗೆ ಸರಿಯಾಗಿ ಕೊಡದೆ ಫೋನಿನಿಂದ ಸರಿಯಾದ ಲೆಕ್ಕ ಬರಲಿ ಅನ್ನುವುದು ಯಾವ ನ್ಯಾಯವೋ.

ಚಿಕ್ಕಮ್ಮ ಪ್ರಯೋಗ ಬಿಡಲಿಲ್ಲ, ವರ್ಷ ಪೂರ್ತಿ ಮಾಡಿದರು. ಈಗ ಬಿ.ಪಿ. ಹಿಡಿತದಲ್ಲಿದೆ. ಕೊನೇ ಭೇಟಿಯ ದಿನ ನಾವೂ ಹೋಗಿದ್ದೆವು. ಇದರ ಫಲಿತಾಂಶ ಏನಾಯ್ತು ಅಂತ ನಮಗೆ ಹೇಳ್ತೀರಾ ಅಂತ ಚಿಕ್ಕಮ್ಮನೇ ಕೇಳಿದರು. ಎಲ್ಲ ಕಡೆಯ ಲೆಕ್ಕ ಸೇರಬೇಕು, ಒಂದೆರಡು ವರ್ಷ ಆಗುತ್ತೆ, ಆಮೇಲೆ ಇಂಗ್ಲಿಷ್ ಜರ್ನಲ್‌ನಲ್ಲಿ ಬರುತ್ತೆ ಅಂದರು. ಕನ್ನಡದಲ್ಲಿ ಒಂದು ಹಾಳೆ ಬರೆದು ಕಳಿಸಿ, ಮನೆ ವಿಳಾಸ ನಿಮ್ಮ ಹತ್ತಿರ ಇದೆಯಲ್ಲ ಅಂದರು ಚಿಕ್ಕಮ್ಮ. ಅಲ್ಲಿದ್ದ ಹೆಣ್ಣುಮಗಳು ಅದನ್ನು ಬರೆದುಕೊಂಡರು. ಪೆನ್ನಿನಲ್ಲಿ, ಕಾಗದದ ಮೇಲೆ. ಹಾಳೆ ಇನ್ನೂ ಬಂದಿಲ್ಲ, ಬರುವ ಹೊತ್ತೂ ಆಗಿಲ್ಲ.

ನಿಮ್ಮ ಮನೆಯವರು ಯಾರಾದರೂ ಇಂಥದಕ್ಕೆ ಸೇರಿದ್ದರೆ ಒಪ್ಪಿಗೆ ಪತ್ರ ಹುಡುಕಿ ತೆಗೆದಿಡಿ. ಅದರಲ್ಲಿ ಸಿ.ಟಿ.ಆರ್.ಐ. ಅಂತ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ದೇಶದ ಕ್ಲಿನಿಕಲ್ ಟ್ರಯಲ್‌ಗಳ ಪಟ್ಟಿ ಅದು, 2007ರಿಂದ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು. ಆದರೆ ಎಲ್ಲ ಇಂಗ್ಲಿಷಿನಲ್ಲಿದೆ. ಸಂಖ್ಯೆ ಕಳಿಸಿದರೆ ಹುಡುಕಿ, ಯಾರು ಮಾಡುತ್ತಿದ್ದಾರೆ, ಏನನ್ನು ಪರೀಕ್ಷಿಸುತ್ತಿದ್ದಾರೆ, ಎಷ್ಟು ಜನ ಅಂತ ಕನ್ನಡದಲ್ಲಿ ಬರೆದು ತಿಳಿಸುತ್ತೇವೆ. ಉತ್ತರ ಎರಡು ದಿನ ತಡವಾದರೆ ಮಳೆ ಹಿಡಿದಿದೆ ಅಂತ ತಿಳಿಯಿರಿ.